ಅಪ್ಪಯ್ಯನ ಗ್ಲಾಸು, ನನ್ನ ಡಬ್ಬಿ: ಮಳೆಮಾಪಕ ಪರೀಕ್ಷಿಸಿದ ಲೆಕ್ಕ

ಮಳೆ ಅಳೆಯುವ ಡಬ್ಬಿ ಕಟ್ಟಿದ್ದು ಮೂರು ದಿನದಲ್ಲಿ. ಅದು ಹೇಳುವ ಲೆಕ್ಕವನ್ನು ನಂಬಬಹುದೋ ಇಲ್ಲವೋ ಎಂದು ತೀರ್ಮಾನಿಸಲು ಎರಡೂವರೆ ತಿಂಗಳು ಹಿಡಿಯಿತು. ಇಲ್ಲಿ ಬರೆದಿರುವುದು ಹೆಚ್ಚುಕಮ್ಮಿ ಆ ಎರಡೂವರೆ ತಿಂಗಳದ್ದೇ.

ನಮ್ಮ ಮನೆ ಕೊಪ್ಪದ ಕಡೆ. ಅಪ್ಪಯ್ಯ ನಲವತ್ತು ವರ್ಷದಿಂದ ದಿನಾ ಬೆಳಿಗ್ಗೆ ಮಾಪಕದಲ್ಲಿ ಸೇರಿದ ಮಳೆನೀರನ್ನು ಗೆರೆ ಹಾಕಿದ ಗ್ಲಾಸಿನಲ್ಲಿ ಅಳೆದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಬಂದಿದ್ದಾರೆ. ಮಲೆನಾಡಿನ ಅಡಿಕೆ ತೋಟದ ಮನೆಗಳಲ್ಲಿ ಇದೇನೂ ಅಪರೂಪವಲ್ಲ, ಮದುವೆ ಮನೆಯಲ್ಲಿ ನಾಲ್ಕು ಜನ ಸೇರಿದರೆ "ನಿಮ್ಮಲ್ಲೆಷ್ಟು ಬಂತು?" ಎಂದು ಮಿಲಿಮೀಟರಿನಲ್ಲೇ ಮಾತು ಶುರುವಾಗುತ್ತದೆ. ಅಪ್ಪಯ್ಯನ ಪುಸ್ತಕದಲ್ಲಿ ತಿಂಗಳ ಮೊತ್ತದ ಪಕ್ಕ ನಕ್ಷತ್ರದ ಮೊತ್ತವೂ ಇರುತ್ತದೆ: ಮೃಗಶಿರೆ ಇಷ್ಟು, ಆರಿದ್ರೆ ಇಷ್ಟು, ಪುನರ್ವಸು ಇಷ್ಟು. ಹೋದ ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಒಮ್ಮೆ ಜಾರಿದರು. ಮೂಳೆಗೇನೂ ಆಗಲಿಲ್ಲ, ನಮ್ಮ ಪುಣ್ಯ. ಅಂದೇ ನಾನು ತಾನಾಗಿ ಅಳೆದು ಬರೆದುಕೊಳ್ಳುವ ಯಂತ್ರವೊಂದನ್ನು ಮಾಡಿಕೊಡುತ್ತೇನೆ ಅಂದೆ. "ಮಾಡು. ನನ್ನ ಲೆಕ್ಕಕ್ಕೆ ತಾಳೆ ಆದ್ರೆ ನೋಡುವ" ಅಂದರು.

ಆ ಕೊನೇ ಮಾತು ನನ್ನ ವೃತ್ತಿಗೇ ತಾಗಿತು. ಬೆಂಗಳೂರಿನ ಹೊರವಲಯದ ಔಷಧ ಕಾರ್ಖಾನೆಯೊಂದರಲ್ಲಿ ನನ್ನದು ವ್ಯಾಲಿಡೇಶನ್ ಕೆಲಸ. ಹೊಸ ಯಂತ್ರ ಬಂದರೆ ಐಕ್ಯೂ, ಓಕ್ಯೂ, ಪಿಕ್ಯೂ ಎಂದು ಮೂರು ಸುತ್ತು. ತಂದಿಟ್ಟದ್ದು ಸರಿಯಾದ ಯಂತ್ರವೇ, ಸರಿಯಾಗಿ ಕೂರಿಸಿದ್ದೇವೆಯೇ ಎನ್ನುವುದು ಮೊದಲ ಸುತ್ತು. ಅದರ ಪೂರ್ತಿ ವ್ಯಾಪ್ತಿಯಲ್ಲಿ, ಅಂಚಿನಲ್ಲೂ, ಹೇಳಿದಂತೆ ನಡೆಯುತ್ತದೆಯೇ ಎನ್ನುವುದು ಎರಡನೆಯದು. ನಿಜವಾದ ಕೆಲಸದಲ್ಲಿ, ನಿಜವಾದ ಜನರ ಕೈಯಲ್ಲಿ, ದಿನಗಟ್ಟಲೆ ಹಾಗೇ ನಡೆಯುತ್ತದೆಯೇ ಎನ್ನುವುದು ಮೂರನೆಯದು. ಬೇರೆಯವರ ಯಂತ್ರಕ್ಕೆ ಇಷ್ಟೆಲ್ಲ ಮಾಡುವವನು ನನ್ನದೇ ಡಬ್ಬಿಗೆ ಒಂದು ಚೊಂಬು ನೀರು ಸುರಿದು "ಆಯ್ತು" ಅನ್ನುವುದು ಸರಿ ಕಾಣಲಿಲ್ಲ.

ಡಬ್ಬಿಯ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಮೇಲೆ 160 ಎಂ.ಎಂ. ಪಿವಿಸಿ ಪೈಪಿನ ತುಂಡು, ಅದರೊಳಗೆ ಆಲಿಕೆ. ಆಲಿಕೆಯ ಕೆಳಗೆ ಮಕ್ಕಳಾಡುವ ಸೀ-ಸಾ ಹಲಗೆಯಂತೆ ಅತ್ತಿತ್ತ ಮಗುಚುವ ಜೋಡಿ ಬಟ್ಟಲು. ಒಂದು ಬಟ್ಟಲು ತುಂಬಿದರೆ ಭಾರಕ್ಕೆ ವಾಲಿ ಚೆಲ್ಲುತ್ತದೆ, ಇನ್ನೊಂದು ನೀರಿನ ಕೆಳಗೆ ಬರುತ್ತದೆ. ಮಗುಚಿದಾಗಲೆಲ್ಲ ಬಟ್ಟಲಿನ ಬೆನ್ನಿಗೆ ಅಂಟಿಸಿದ ಆಯಸ್ಕಾಂತ ಒಂದು ರೀಡ್ ಸ್ವಿಚ್ಚಿನ (ಆಯಸ್ಕಾಂತ ಹತ್ತಿರ ಬಂದರೆ ಕೂಡಿಕೊಳ್ಳುವ ಸ್ವಿಚ್ಚು) ಮುಂದೆ ಹಾದುಹೋಗುತ್ತದೆ. ಅದನ್ನು ಎಣಿಸಲು ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು, ಹೊತ್ತು ತಿಳಿಯಲು ಡಿಎಸ್3231 ಗಡಿಯಾರದ ಚಿಪ್ಪು, ಬರೆಯಲು ಎಸ್‌ಡಿ ಕಾರ್ಡು, ಒಂದು ಸೋಲಾರ್ ಪ್ಯಾನೆಲ್ಲು, ಒಂದು ಬ್ಯಾಟರಿ. ಅಷ್ಟೆ.

ಪೈಪಿನ ಬಾಯಿಯ ಒಳ ಅಳತೆ ಮಾತ್ರ ಮುಖ್ಯ. ನಾಲ್ಕು ದಿಕ್ಕಿನಲ್ಲಿ ಕ್ಯಾಲಿಪರ್ ಇಟ್ಟೆ: 15.1, 15.3, 15.2, 15.2 ಸೆಂ.ಮೀ. ಪೈಪು ಪೂರ್ತಿ ದುಂಡಗಿರುವುದಿಲ್ಲ ಅಂತ ಅವತ್ತು ಗೊತ್ತಾಯಿತು. ಸರಾಸರಿ 15.2 ಹಿಡಿದರೆ ಬಾಯಿಯ ವಿಸ್ತೀರ್ಣ 181.5 ಚದರ ಸೆಂ.ಮೀ. ಅಂದರೆ ಒಂದು ಮಿ.ಮೀ. ಮಳೆಗೆ 18.15 ಮಿಲಿ ನೀರು ಬೀಳುತ್ತದೆ. ಒಂದು ಮಗುಚಿಗೆ 0.2 ಮಿ.ಮೀ. ಎಂದು ಲೆಕ್ಕ ಬರಬೇಕಾದರೆ ಬಟ್ಟಲು 3.63 ಮಿಲಿಗೆ ವಾಲಬೇಕು.

ಮೇ ಮೊದಲ ವಾರ, ಜಗಲಿಯಲ್ಲಿ ಕೂತು ಪ್ರೋಟೋಕಾಲ್, ಅಂದರೆ ಪರೀಕ್ಷೆಯ ಕ್ರಮ, ಬರೆಯುತ್ತಿದ್ದೆ. ಅಂಗಳದಲ್ಲಿ ಕೊಳೆ ರೋಗದ ಮೊದಲ ಸಿಂಪಡಣೆಗೆ ಬೋರ್ಡೋ ಕಲಸುವ ತಯಾರಿ ನಡೆದಿತ್ತು.

"ಎಂತದು ಅಷ್ಟೊಂದು ಬರೀತಾ ಇದ್ದೀಯ? ಮಿಷನ್ ಆಯ್ತಲ್ಲ ಮಾಣಿ?" ಅಪ್ಪಯ್ಯ ಕೇಳಿದರು.

"ಎಷ್ಟು ನೀರು ಹಾಕಿದ್ರೆ ಎಷ್ಟು ತೋರಿಸ್ಬೇಕು ಅಂತ ಮೊದಲೇ ಬರೆದಿಡ್ತಿದ್ದೇನೆ."

"ಹಾಕಿ ನೋಡಿದ್ರೆ ಗೊತ್ತಾಗ್ತದಲ್ಲ?"

ನಾನು ಡ್ರಮ್ಮಿನ ಕಡೆ ಕೈ ತೋರಿಸಿದೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಕಲಸಿ ಆದಮೇಲೆ ಅಪ್ಪಯ್ಯ ಪ್ರತಿ ಸಲ ಉಜ್ಜಿದ ಕತ್ತಿಯೊಂದನ್ನು ಅದರಲ್ಲಿ ಅದ್ದಿ ಹಿಡಿಯುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು, ಮತ್ತಷ್ಟು ಹಾಕಬೇಕು. ಹತ್ತದಿದ್ದರೆ ಸಿಂಪಡಣೆಗೆ ಹೋಗಬಹುದು. ಕೆಂಪು ಬಂದಮೇಲೆ "ಇಷ್ಟು ಕೆಂಪು ಪರವಾಗಿಲ್ಲ ಬಿಡು" ಅಂತ ಅವರು ಯಾವತ್ತೂ ಅಂದದ್ದಿಲ್ಲ. ಅಂದರೆ ಎಳೆಗಾಯಿ ಸುಟ್ಟುಹೋಗುತ್ತದೆ. ಪಾಸೋ ಫೇಲೋ ಎನ್ನುವ ಗೆರೆ ಕತ್ತಿ ಅದ್ದುವ ಮೊದಲೇ ಇದೆ. ನಾನು ಬರೆಯುತ್ತಿದ್ದದ್ದೂ ಅಂಥ ಗೆರೆಯನ್ನೇ. ನೀರು ಸುರಿದು ಅಂಕಿ ಕಂಡಮೇಲೆ ಗೆರೆ ಎಳೆಯಲು ಹೋದರೆ, ಬಂದ ಅಂಕಿಯ ಹಿಂದಕ್ಕೇ ಗೆರೆ ಸರಿಯುತ್ತದೆ. ಕಾರ್ಖಾನೆಯಲ್ಲಿ ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಯಾರೂ ಸುಳ್ಳು ಹೇಳುತ್ತಿರುವುದಿಲ್ಲ, ಎಲ್ಲರಿಗೂ ಮನೆಗೆ ಹೋಗುವ ಹೊತ್ತಾಗಿರುತ್ತದೆ.

ಬರೆದದ್ದು ಹೀಗೆ. 500 ಮಿಲಿ ನೀರಿಗೆ 137.7 ಮಗುಚು ಬರಬೇಕು. ಎರಡು ಶೇಕಡಾ ಆಚೀಚೆ ಒಪ್ಪಬಹುದು, ಅಂದರೆ 135ರಿಂದ 140. ಮಳೆಯ ಲೆಕ್ಕದಲ್ಲಿ 27.0ರಿಂದ 28.1 ಮಿ.ಮೀ. ಮೂರು ಸಲ ಸುರಿಯಬೇಕು, ಮೂರೂ ಸಲ ಗೆರೆಯೊಳಗೆ ಬರಬೇಕು. ಸರಾಸರಿ ತೆಗೆಯುವಂತಿಲ್ಲ.

ನೀರಿನ ಅಳತೆಗೆ ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿ. ಅದೂ ಒಂದು ಉಪಕರಣವೇ ಆದ್ದರಿಂದ ಮೊದಲು ಅದನ್ನೇ ಪರೀಕ್ಷೆ ಮಾಡಬೇಕಾಯಿತು. ಊರಿನ ಅಂಗಡಿಯಿಂದ 500 ಗ್ರಾಂ ಮತ್ತು 200 ಗ್ರಾಂ ತೂಕದ ಬಟ್ಟುಗಳನ್ನು ಒಂದು ಸಂಜೆಗೆ ಕೇಳಿ ತಂದೆ, ಸೀಸದ ಮೇಲೆ ಸರಕಾರದ ಮುದ್ರೆ ಒತ್ತಿದ್ದನ್ನೇ ಆರಿಸಿ. ತಕ್ಕಡಿ 499.8, 199.9 ತೋರಿಸಿತು. ಸಾಕು. 25 ಡಿಗ್ರಿಯಲ್ಲಿ ಒಂದು ಮಿಲಿ ನೀರು 0.997 ಗ್ರಾಂ ತೂಗುತ್ತದೆ, ಹಾಗಾಗಿ 500 ಮಿಲಿ ಅಂದರೆ 498.5 ಗ್ರಾಂ.

ಮೊದಲ ಸುರಿತಕ್ಕೆ ಬಂದ ಎಣಿಕೆ 163.

ಇಷ್ಟು ದೊಡ್ಡ ತಪ್ಪು ಬಂದರೆ ನನಗೆ ಒಳಗೊಳಗೇ ಖುಷಿ. ಸಣ್ಣ ತಪ್ಪು ಅಡಗಿ ಕೂರುತ್ತದೆ, ದೊಡ್ಡದು ತಾನೇ ಎದ್ದು ಬರುತ್ತದೆ. ಪ್ರತಿ ಮಗುಚಿನ ಹೊತ್ತನ್ನೂ ಮಿಲಿಸೆಕೆಂಡಿನಲ್ಲಿ ಹಾಗೇ ಕಾರ್ಡಿಗೆ ಬರೆಸುತ್ತಿದ್ದೆ, ಅದನ್ನು ತೆರೆದೆ. ಕೆಲವು ಕಡೆ ಎರಡು ಎಣಿಕೆಗಳ ನಡುವೆ ಬರೀ 9, 12 ಮಿಲಿಸೆಕೆಂಡು. ರೀಡ್ ಸ್ವಿಚ್ಚಿನ ನಾಲಗೆ ಒಂದು ಸಲ ಕೂಡಿಕೊಳ್ಳುವ ಮುಂಚೆ ನಾಲ್ಕು ಸಲ ನಡುಗುತ್ತದೆ; ಬೋರ್ಡು ಅದನ್ನೆಲ್ಲ ಮಳೆ ಅಂದುಕೊಂಡಿತ್ತು. ಒಂದು ಎಣಿಕೆಯಾದ ಮೇಲೆ 250 ಮಿಲಿಸೆಕೆಂಡು ಕಿವಿ ಮುಚ್ಚಿಕೊಂಡಿರು ಎಂದು ಒಂದು ಸಾಲು ಸೇರಿಸಿದೆ. ಗಂಟೆಗೆ 200 ಮಿ.ಮೀ. ವೇಗದಲ್ಲಿ ಸುರಿದರೂ ಎರಡು ಮಗುಚಿನ ನಡುವೆ 3.6 ಸೆಕೆಂಡು ಇರುತ್ತದೆ, ಹಾಗಾಗಿ ನಿಜವಾದ ಮಳೆ ತಪ್ಪಿಹೋಗುವ ಭಯವಿಲ್ಲ.

ಈಗ 140. ಗೆರೆಯೊಳಗೇ ಇದೆ, ಆದರೆ ಅಂಚಿನಲ್ಲಿ. ಸಿರಿಂಜಿನಿಂದ ಒಂದೊಂದೇ ಬಟ್ಟಲಿಗೆ ಹನಿಸಿ ನೋಡಿದೆ, ಬದಿಗೆ ಹತ್ತು ಸಲ. ಎಡದ ಬಟ್ಟಲು 3.40 ಮಿಲಿಗೆ ವಾಲುತ್ತಿತ್ತು, ಬಲದ್ದು 3.75ಕ್ಕೆ. ಅಡಿಯ ಎರಡು ತಡೆ ಸ್ಕ್ರೂಗಳನ್ನು ಕಾಲು ಸುತ್ತು, ಅರ್ಧ ಸುತ್ತು ತಿರುಗಿಸುತ್ತಾ ಇಡೀ ಮಧ್ಯಾಹ್ನ ಹೋಯಿತು. ಆಮೇಲೆ ಮೂರು ಸುರಿತ: 138, 137, 138.

ಇಲ್ಲಿಗೇ ನಿಲ್ಲಿಸುವವರು ಬಹಳ. ಅಂಗಡಿಯಲ್ಲಿ ಸಿಗುವ ಅಗ್ಗದ ಮಾಪಕಗಳ ಜೊತೆ ಬರುವ ಹಾಳೆಯಲ್ಲೂ "ನಿಧಾನವಾಗಿ ಇಷ್ಟು ನೀರು ಹಾಕಿ, ಇಷ್ಟು ಬಂದರೆ ಸರಿ" ಎಂದಷ್ಟೇ ಇರುತ್ತದೆ. ನಮ್ಮೂರಲ್ಲಿ ಮಳೆ ನಿಧಾನವಾಗಿ ಬರುವುದಿಲ್ಲವಲ್ಲ. ಬಟ್ಟಲು ಒಂದು ಬದಿಯಿಂದ ಇನ್ನೊಂದಕ್ಕೆ ವಾಲಲು ಒಂದಷ್ಟು ಹೊತ್ತು ಬೇಕು. ಆ ಹೊತ್ತಿನಲ್ಲೂ ಆಲಿಕೆಯಿಂದ ನೀರು ಬೀಳುತ್ತಲೇ ಇರುತ್ತದೆ, ಆಗಲೇ ತುಂಬಿದ ಬಟ್ಟಲಿಗೆ. ಆ ನೀರು ಲೆಕ್ಕಕ್ಕೆ ಸಿಗುವುದಿಲ್ಲ. ಮಳೆ ಜೋರಾದಷ್ಟೂ ಯಂತ್ರ ಕಡಿಮೆ ಹೇಳುತ್ತದೆ. ಹೀಗೆ ಬಟ್ಟಲು ಮಗುಚುವ ಟಿಪ್ಪಿಂಗ್ ಬಕೆಟ್ ಮಾಪಕಗಳ ಹುಟ್ಟುಗುಣ ಇದು.

ಹಾಗಾಗಿ ಬೇರೆ ಬೇರೆ ವೇಗದಲ್ಲಿ ಸುರಿಯಬೇಕಿತ್ತು. ಮೆಡಿಕಲ್ ಶಾಪಿನಿಂದ ಒಂದು ಡ್ರಿಪ್ ಸೆಟ್ಟು ತಂದೆ. ಮೊದಲು ಪ್ಲಾಸ್ಟಿಕ್ ಬಾಟಲಿಯ ತಳ ಕತ್ತರಿಸಿ ನೇತುಹಾಕಿದ್ದೆ. ನೀರು ಇಳಿದಂತೆ ಒತ್ತಡವೂ ಇಳಿದು, ಕೊನೆಯ ನೂರು ಮಿಲಿ ಆಮೆಯಂತೆ ಬಂತು. ಅದು ವೇಗದ ಪರೀಕ್ಷೆಯೇ ಅಲ್ಲ. ಆಮೇಲೆ ಗಟ್ಟಿ ಗಾಜಿನ ಬಾಟಲಿಯನ್ನು ಬೋರಲು ನೇತುಹಾಕಿ, ಬಿರಡೆಯಲ್ಲಿ ಗಾಳಿ ಹೋಗಲು ಇನ್ನೊಂದು ಸೂಜಿ ಚುಚ್ಚಿದೆ. ಗಾಳಿ ಗುಳುಗುಳು ಎಂದು ಬಿರಡೆಯ ಹತ್ತಿರವೇ ಒಳಹೋಗುವುದರಿಂದ ಅಲ್ಲಿಯ ಒತ್ತಡ ಹೊರಗಿನ ಗಾಳಿಯದ್ದೇ ಆಗಿರುತ್ತದೆ. ಒಳಗೆ ನೀರು ಎಷ್ಟೇ ಇರಲಿ, ಹರಿವು ಒಂದೇ ಸಮ. ಸಲೈನ್ ಬಾಟಲಿಗೆ ಗಾಳಿಸೂಜಿ ಚುಚ್ಚುವುದನ್ನು ನೋಡಿದವರಿಗೆ ಇದು ಗೊತ್ತಿರುತ್ತದೆ.

ಗಂಟೆಗೆ 25 ಮಿ.ಮೀ. ವೇಗದಲ್ಲಿ ಅರ್ಧ ಲೀಟರ್ ಮುಗಿಯಲು ಒಂದು ಗಂಟೆ ಆರು ನಿಮಿಷ. ಎಣಿಕೆ 137. ಐವತ್ತರಲ್ಲಿ 135, ಕೂದಲೆಳೆಯಲ್ಲಿ ಪಾಸು. ನೂರರಲ್ಲಿ 133, ಫೇಲು. ಇನ್ನೂರರಲ್ಲಿ ಎಂಟೂಕಾಲು ನಿಮಿಷಕ್ಕೆ ಬಾಟಲಿ ಖಾಲಿ, ಎಣಿಕೆ 129. ಆರು ಶೇಕಡಾಕ್ಕೂ ಹೆಚ್ಚು ಮಳೆ ಮಾಯ.

ಅಂಕಿಗಳು ಒಂದೇ ಕಥೆ ಹೇಳುತ್ತಿದ್ದವು: ಪ್ರತಿ ಮಗುಚಿಗೆ ಸುಮಾರು ಕಾಲು ಸೆಕೆಂಡಿನ ನೀರು ಕಳೆದುಹೋಗುತ್ತಿದೆ. ಇದನ್ನು ಸ್ಕ್ರೂ ತಿರುಗಿಸಿ ಸರಿಮಾಡಲಾಗದು. ಜೋರು ಮಳೆಗೆ ಹೊಂದಿಸಿದರೆ ಜಿಟಿಜಿಟಿ ಮಳೆಗೆ ತಪ್ಪುತ್ತದೆ. ಸಾಫ್ಟ್‌ವೇರಿನಲ್ಲೇ ಮಾಡಬೇಕು. ಎರಡು ಮಗುಚಿನ ನಡುವಿನ ಹೊತ್ತನ್ನು, ಅದೇ ಹೊತ್ತಿನಿಂದ ಕಾಲು ಸೆಕೆಂಡು ಕಳೆದು ಉಳಿದದ್ದರಿಂದ ಭಾಗಿಸಿ, 0.2ಕ್ಕೆ ಗುಣಿಸಿದರೆ ಆ ಮಗುಚಿನ ನಿಜವಾದ ಮಳೆ. 3.85 ಸೆಕೆಂಡಿಗೊಮ್ಮೆ ಮಗುಚುತ್ತಿದ್ದರೆ 0.2 ಹೋಗಿ 0.214 ಆಗುತ್ತದೆ. ತಿದ್ದಿದ ಮೇಲೆ ನಾಲ್ಕೂ ವೇಗದ ಪರೀಕ್ಷೆಯನ್ನು ಮೊದಲಿಂದ ಮಾಡಿದೆ, ಪಾಸಾಗಿದ್ದ ಎರಡನ್ನೂ ಬಿಡದೆ. ನೂರರಲ್ಲಿ 27.4, ಇನ್ನೂರರಲ್ಲಿ 27.3 ಮಿ.ಮೀ. ಎಲ್ಲ ಗೆರೆಯೊಳಗೆ.

ಇನ್ನು ಬರೀ ಸಾಫ್ಟ್‌ವೇರಿನ ಪರೀಕ್ಷೆ. ಇದಕ್ಕೆ ನೀರು ಬೇಡ. ಕಾರ್ಡಿನಲ್ಲಿದ್ದ ಹಳೆಯ ಮಗುಚಿನ ಹೊತ್ತುಗಳನ್ನೇ ಲ್ಯಾಪ್‌ಟಾಪಿನಲ್ಲಿ ಮತ್ತೆ ಓಡಿಸಿ, ಬರಬೇಕಾದ ಮೊತ್ತ ಬರುತ್ತದೆಯೇ ಎಂದು ನೋಡುವುದು. ಹೆಚ್ಚಿನವು ಸಲೀಸಾಗಿ ಹೋದವು. ಬರೆಯುತ್ತಿರುವಾಗಲೇ ಬ್ಯಾಟರಿ ಕಿತ್ತರೆ ಕೊನೆಯ ಸಾಲು ಅರ್ಧಕ್ಕೆ ನಿಲ್ಲುತ್ತಿತ್ತು, ಅದನ್ನು ಗುರುತಿಸಿ ಬಿಟ್ಟುಬಿಡುವಂತೆ ಮಾಡಿದೆ. ಸಿಕ್ಕಿಬಿದ್ದದ್ದು ಒಂದು, ಅದೂ ನನ್ನದೇ ಕೈಬರಹ.

ಬೋರ್ಡಿನೊಳಗಿನ ಮಿಲಿಸೆಕೆಂಡ್ ಎಣಿಕೆ 32 ಬಿಟ್ಟಿನದು. 429 ಕೋಟಿ ಚಿಲ್ಲರೆ ಮುಟ್ಟಿದಮೇಲೆ ಹಳೇ ಸ್ಕೂಟರಿನ ಮೀಟರಿನಂತೆ ಸೊನ್ನೆಗೆ ಮರಳುತ್ತದೆ. ಅದಕ್ಕೆ ಬೇಕಾಗುವುದು 49.7 ದಿನ. ಜೂನ್‌ನಿಂದ ಸೆಪ್ಟೆಂಬರ್ ಕೊನೆವರೆಗೆ ಒಂದೇ ಸಮ ಓಡಿದರೆ ಎರಡು ಸಲ ಹಾಗಾಗುತ್ತದೆ. ನಡುಕ ತಡೆಯುವ ಸಾಲಿನಲ್ಲಿ ನಾನು ಬರೆದದ್ದು: "ಈಗಿನ ಎಣಿಕೆ, ಹಿಂದಿನ ಮಗುಚಿನ ಎಣಿಕೆಗೆ 250 ಕೂಡಿಸಿದ್ದಕ್ಕಿಂತ ದೊಡ್ಡದಾದರೆ ಲೆಕ್ಕಕ್ಕೆ ತಗೋ." ಎಣಿಕೆ ಸೊನ್ನೆಗೆ ಮರಳಿದ ಮೇಲೆ ಈಗಿನದು ಸಣ್ಣದು, ಹಿಂದಿನದು ನಾನೂರು ಕೋಟಿಯ ಮೇಲೆ. ಮತ್ತೆ ಅಷ್ಟು ದೊಡ್ಡದಾಗುವವರೆಗೆ, ಅಂದರೆ ಇನ್ನೊಂದು 49 ದಿನ, ಒಂದು ಹನಿಯೂ ಲೆಕ್ಕಕ್ಕೆ ಬರುವುದಿಲ್ಲ. ಜುಲೈ ಇಪ್ಪತ್ತರ ಹೊತ್ತಿಗೆ ಮಳೆ ನಿಂತುಹೋಯಿತು ಅಂತ ಡಬ್ಬಿ ಹೇಳುತ್ತಿತ್ತು! "ಈಗಿನದರಲ್ಲಿ ಹಿಂದಿನದನ್ನು ಕಳೆದರೆ 250ಕ್ಕಿಂತ ಹೆಚ್ಚೇ" ಎಂದು ತಿರುಗಿಸಿ ಬರೆದರೆ ಸುತ್ತು ಹೊಡೆದರೂ ಉತ್ತರ ಸರಿ ಬರುತ್ತದೆ. ಇದನ್ನು ಹಿಡಿಯಲು ಐವತ್ತು ದಿನ ಕಾಯಬೇಕಿಲ್ಲ. ಸುಳ್ಳು ಗಡಿಯಾರವನ್ನು ಸೊನ್ನೆಯಾಗಲು ಹತ್ತು ಸೆಕೆಂಡು ಮುಂಚಿನಿಂದ ಶುರುಮಾಡಿದರೆ ಸಾಕು.

ಬಹಳ ಹೊತ್ತು ಓಡಿದರೆ ಮಾತ್ರ ಕಾಣುವ ತಪ್ಪು ಎಂದಾಗಲೆಲ್ಲ ನನಗೆ ನೆನಪಾಗುವುದು 1991ರ ಫೆಬ್ರವರಿ 25, ಸೌದಿ ಅರೇಬಿಯಾದ ದಹ್ರಾನ್. ಅಲ್ಲಿದ್ದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಸೆಕೆಂಡಿನ ಹತ್ತನೇ ಒಂದು ಭಾಗವನ್ನು ಬೈನರಿಯಲ್ಲಿ ತುಂಡರಿಸಿ ಇಟ್ಟುಕೊಳ್ಳುತ್ತಿತ್ತು. ನೂರು ಗಂಟೆ ನಿಲ್ಲಿಸದೆ ಓಡಿಸಿದಾಗ ಗಡಿಯಾರ ಸುಮಾರು 0.34 ಸೆಕೆಂಡು ತಪ್ಪಿತ್ತು. ಎದುರು ಬಂದ ಸ್ಕಡ್ ಕ್ಷಿಪಣಿಯನ್ನು ಅದು ತಡೆಯಲಿಲ್ಲ, 28 ಅಮೆರಿಕನ್ ಸೈನಿಕರು ಸತ್ತರು. ನನ್ನ ಡಬ್ಬಿ ತಪ್ಪಿದರೆ ಅಪ್ಪಯ್ಯ ನಗುತ್ತಾರೆ, ಅಷ್ಟೆ. ಆದರೂ.

ಜೂನ್ ಮೊದಲ ವಾರ ಡಬ್ಬಿಯನ್ನು ಅಂಗಳದ ಮೂಲೆಯಲ್ಲಿ ಅಪ್ಪಯ್ಯನ ಮಾಪಕದ ಪಕ್ಕ ನೆಟ್ಟೆವು. ಅಡಿಕೆ ಒಣಗಿಸುವ ಜಾಗ, ಮೇಲೆ ಮರದ ನೆರಳಿಲ್ಲ. ಲೆವೆಲ್ ಇಟ್ಟು ನೋಡಿದ್ದಾಯಿತು. ನೆಟ್ಟ ಮೂರನೇ ದಿನ ಅಮ್ಮನ ಫೋನು: "ಆ ಡಬ್ಬದ ಮೇಲೆ ಮುಸುವ ಕೂತು ತೂಗಾಡ್ತಾ ಇತ್ತು." ಆ ವಾರ ಊರಿಗೆ ಹೋಗಿ ಕಾರ್ಡು ತೆರೆದರೆ, ರಣಬಿಸಿಲಿನ ಮಧ್ಯಾಹ್ನ ಎರಡು ಸೆಕೆಂಡಿನಲ್ಲಿ ಎಂಟು ಮಿ.ಮೀ.ಗೂ ಹೆಚ್ಚು ಮಳೆ!

ಕಂಬ ಅಲ್ಲಾಡಿ ಬಟ್ಟಲು ಪಟಪಟ ಮಗುಚಿತ್ತು, 0.3 ಸೆಕೆಂಡಿಗೊಂದರಂತೆ. ಅದು 250 ಮಿಲಿಸೆಕೆಂಡಿನ ಬಾಗಿಲು ದಾಟಿ ಬಂತು. ಒಳಗೆ ಬಂದಮೇಲೆ ನನ್ನ ಜಾಣ ಸೂತ್ರ 0.3ನ್ನು 0.05ರಿಂದ ಭಾಗಿಸಿ, ಒಂದೊಂದು ಮಗುಚನ್ನೂ 1.2 ಮಿ.ಮೀ. ಮಾಡಿತು. ಸಾಫ್ಟ್‌ವೇರ್ ತಿದ್ದಿದಮೇಲೆ ಹಳೆಯ ಪರೀಕ್ಷೆಗಳನ್ನೆಲ್ಲ ಮತ್ತೆ ಮಾಡಿದ್ದೆ, ನಿಜ. ಆದರೆ ತಿದ್ದುಪಡಿಯೇ ಹುಟ್ಟಿಸಿದ ಹೊಸ ಅಂಚಿಗೆ ಹೊಸ ಪರೀಕ್ಷೆ ಬರೆದಿರಲಿಲ್ಲ. ಆಫೀಸಿನಲ್ಲಿ ಬೇರೆಯವರು ಹೀಗೆ ಮಾಡಿದ್ದರೆ ನಾನೇ ಕಡತ ವಾಪಸು ಕಳಿಸುತ್ತಿದ್ದೆ. ಈಗ ಒಂದು ಸೆಕೆಂಡಿಗಿಂತ ಹತ್ತಿರ ಬಂದ ಮಗುಚುಗಳು ಕಾರ್ಡಿನಲ್ಲಿ "ಅನುಮಾನ" ಎಂದು ದಾಖಲಾಗುತ್ತವೆ, ಮೊತ್ತಕ್ಕೆ ಸೇರುವುದಿಲ್ಲ. ಸೆಕೆಂಡಿಗೊಂದು ಮಗುಚು ಅಂದರೆ ಗಂಟೆಗೆ 720 ಮಿ.ಮೀ. ವೇಗ, ಆಗುಂಬೆಯಲ್ಲೂ ಹಾಗೆ ಹೊಯ್ಯುವುದಿಲ್ಲ. ಪ್ರೋಟೋಕಾಲಿಗೆ ಒಂದು ಸಾಲು ಸೇರಿತು: "ಕಂಬ ಹಿಡಿದು ಹತ್ತು ಸಲ ಅಲ್ಲಾಡಿಸಿ. ಮೊತ್ತ ಬದಲಾಗಬಾರದು." ಕಡತದಲ್ಲಿ ಅದರ ಹೆಸರು ಮುಸುವ ಪರೀಕ್ಷೆ. ಕಂಬಕ್ಕೆ ಮುಳ್ಳುತಂತಿಯನ್ನೂ ಸುತ್ತಿದೆವು.

ಜೂನ್ 15ರಿಂದ ಜುಲೈ 14, ಮೂವತ್ತು ದಿನದ ಜೋಡಿ ಓಟ. ಗೆರೆ ಮೊದಲೇ ಬರೆದಿತ್ತು: 10 ಮಿ.ಮೀ. ದಾಟಿದ ದಿನಗಳಲ್ಲಿ ಐದು ಶೇಕಡಾದೊಳಗೆ ತಾಳೆ ಆಗಬೇಕು, ಒಟ್ಟು ಮೊತ್ತ ಮೂರು ಶೇಕಡಾದೊಳಗೆ. ಅಪ್ಪಯ್ಯನ ಮೊತ್ತ 842.6. ಡಬ್ಬಿಯದು 829.9. ಒಂದೂವರೆ ಶೇಕಡಾ ಕಡಿಮೆ, ಪಾಸು. ಆದರೆ ದಿನದ ಲೆಕ್ಕದಲ್ಲಿ ಒಂಬತ್ತು ದಿನ ಫೇಲು. ಒಂದು ದಿನ ಡಬ್ಬಿ 14 ಮಿ.ಮೀ. ಹೆಚ್ಚು, ಮಾರನೇ ದಿನ ಅಷ್ಟೇ ಕಡಿಮೆ.

ಹೆಚ್ಚು ಕಡಿಮೆ ಜೋಡಿಯಾಗಿ ಬಂದರೆ ನೀರು ಕಳೆದಿಲ್ಲ, ದಿನ ಜಾರಿದೆ ಎಂದರ್ಥ. ಹವಾಮಾನ ಇಲಾಖೆಯ ಮಳೆದಿನ ಬೆಳಿಗ್ಗೆ ಎಂಟೂವರೆಯಿಂದ ಮಾರನೇ ಬೆಳಿಗ್ಗೆ ಎಂಟೂವರೆಗೆ. ನಾನು ಸಾಫ್ಟ್‌ವೇರಿನಲ್ಲಿ ಅದನ್ನೇ ಹಾಕಿದ್ದೆ, ಕೇಳಲೂ ಇಲ್ಲ. ಅಪ್ಪಯ್ಯ ಅಳೆಯುವುದು ಕಾಫಿ ಕುಡಿದ ಮೇಲೆ, ಏಳು ಗಂಟೆಗೆ. ನಡುವಿನ ಒಂದೂವರೆ ಗಂಟೆಯಲ್ಲಿ ಬಿದ್ದದ್ದು ನನ್ನ ಪುಸ್ತಕದಲ್ಲಿ ನಿನ್ನೆಯದು, ಅವರದರಲ್ಲಿ ಇಂದಿನದು. ಪ್ರತಿ ಮಗುಚಿನ ಹೊತ್ತೂ ಕಾರ್ಡಿನಲ್ಲಿದ್ದದ್ದಕ್ಕೆ ಬಚಾವಾದೆ. ಏಳು ಗಂಟೆಗೆ ಕತ್ತರಿಸಿ ಮತ್ತೆ ಕೂಡಿಸಿದರೆ ಒಂಬತ್ತು ಹೋಗಿ ಮೂರು ಉಳಿಯಿತು. ಅದರಲ್ಲಿ ಎರಡು ದಿನ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಲ್ಲಿ "ಜೋರು ಮಳೆ, 7.40" ಎಂದಿತ್ತು. ಅಂದರೆ ಅವತ್ತು ಅಳೆದದ್ದು ಏಳಕ್ಕಲ್ಲ, 7.40ಕ್ಕೆ. ಅದನ್ನೂ ಹಾಗೇ ಕತ್ತರಿಸಿದೆ, ತಾಳೆ ಆಯಿತು. ಉಳಿದ ಒಂದು ದಿನ ಡಬ್ಬಿಯ ಆಲಿಕೆಯಲ್ಲಿ ಎಲೆಚೂರು ಸಿಕ್ಕಿಕೊಂಡು ನೀರು ಮಾರನೇ ದಿನದವರೆಗೆ ತೊಟ್ಟಿಕ್ಕುತ್ತಿತ್ತು. ಅದಕ್ಕೆ ಜಾಳಿಗೆ ಹಾಕಿದ್ದೇನೆ. ಕಡತದಲ್ಲಿ ಆ ದಿನದ ಡೀವಿಯೇಶನ್, ಅಂದರೆ ಗೆರೆ ತಪ್ಪಿದ್ದರ ದಾಖಲೆ, ಇನ್ನೂ ಮುಚ್ಚಿಲ್ಲ.

ದಿನದ ಗಡಿಯನ್ನು ಏಳಕ್ಕೆ ಬದಲಾಯಿಸಿದೆ. ನಿಯಮ ಎಂಟೂವರೆ ಇರಬಹುದು, ಆದರೆ ಹೋಲಿಸಬೇಕಾದದ್ದು ನಲವತ್ತು ವರ್ಷದ ಏಳು ಗಂಟೆಯ ಜೊತೆ.

ಅಂಕಿಗಳನ್ನೆಲ್ಲ ಓದಿ ಹೇಳಿದಮೇಲೆ ಅಪ್ಪಯ್ಯ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಿನ್ನದು ಒಂದೂವರೆ ಕಡಿಮೆ ಅಂತೀಯಲ್ಲ, ನನ್ನದು ಒಂದೂವರೆ ಹೆಚ್ಚು ಯಾಕಾಗಿರ್ಬಾರ್ದು? ಗ್ಲಾಸನ್ನೂ ತೂಗು."

ಅವರ ಮಾಪಕದ ಬಾಯಿ 200 ಚದರ ಸೆಂ.ಮೀ. ಗ್ಲಾಸಿನ 10 ಮಿ.ಮೀ. ಗೆರೆಗೆ 200 ಮಿಲಿ ಹಿಡಿಯಬೇಕು, ಅಂದರೆ 199.4 ಗ್ರಾಂ. ಐದು ಶೇಕಡಾದೊಳಗೆ ಬಂದರೆ ಪಾಸು ಎಂದು ಅವರೇ ಗೆರೆ ಹೇಳಿದರು. ನಾನು ಬೇಡ, ಒಂದು ಶೇಕಡಾ ಅಂದೆ. ಬರೆದೆವು. ಬಾಗಿ ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು ಅವರೇ ತುಂಬಿದರು, ಅವರೇ ತಕ್ಕಡಿಯ ಮೇಲಿಟ್ಟರು. ಮೂರು ಸಲ: 197.0, 197.1, 196.9.

ಗೆರೆ ಒಂದು ಶೇಕಡಾಕ್ಕೂ ತುಸು ಹೆಚ್ಚು ಕೆಳಗಿತ್ತು. 842.6ನ್ನು ಆ ಲೆಕ್ಕಕ್ಕೆ ತಂದರೆ 832.5, ಡಬ್ಬಿಯದಕ್ಕೆ ಮೂರೂ ಮಿ.ಮೀ. ವ್ಯತ್ಯಾಸವಿಲ್ಲ.

"ಮೊದಲಿನ ಗ್ಲಾಸು ಒಡೆದದ್ದು ನಿನ್ನ ಉಪನಯನದ ವರ್ಷ" ಅಂದರು. "ಅಲ್ಲಿಂದ ಈಚಿನದ್ದು ಮಾತ್ರ ಹೀಗೆ. ಅದಕ್ಕೂ ಹಿಂದಿನದ್ದು ಎಂತ ಇತ್ತೋ, ಅದರ ಚೂರೂ ಇಲ್ಲ." ಪುಸ್ತಕ ತೆಗೆದು ಹಿಂದಿನ ಅಂಕಿಗಳನ್ನು ತಿದ್ದುತ್ತಾರೇನೋ ಅಂದುಕೊಂಡೆ. ತಿದ್ದಲಿಲ್ಲ. ರಟ್ಟಿನ ಒಳಬದಿಯಲ್ಲಿ ಪೆನ್ಸಿಲಿನಿಂದ, ತಾರೀಕು ಹಾಕಿ ಬರೆದರು: "ಗ್ಲಾಸು, 10 ಮಿ.ಮೀ. ಗೆರೆ, 197 ಗ್ರಾಂ." ಆಮೇಲೆ ಕೊಡೆ ಹಿಡಿದು ಅಂಗಳಕ್ಕೆ ಇಳಿದರು. ಏಳು ಗಂಟೆಯಾಗಿತ್ತು.